ಸೈಕಲ್ಲಿಗೆ ಹೊಲಿದ ರೇಡಿಯೋ

ಮೊದಲೇ ಹೇಳಿಬಿಡುತ್ತೇನೆ, ಆ ರೇಡಿಯೋ ನನ್ನದು. ನಮ್ಮ ಯಜಮಾನರು ಈಗಲೂ ಮನೆಗೆ ಯಾರಾದರೂ ಬಂದರೆ ಸಾಕು, "ಮಾವನೋರು ನನಗೆ ಒಂದು ಟ್ರಾನ್ಸಿಸ್ಟರ್ ಕೊಟ್ಟಿದ್ರು ನೋಡ್ರಿ" ಎಂದು ಕಥೆ ಶುರು ಮಾಡುತ್ತಾರೆ. ನಾನು ಅಡುಗೆಮನೆಯಿಂದಲೇ "ನನಗೆ ಕೊಟ್ಟಿದ್ದು!" ಎಂದು ಕೂಗುತ್ತೇನೆ. ಹತ್ತಿರ ಹತ್ತಿರ ಐವತ್ತು ವರ್ಷವಾಯಿತು, ಈ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ. ಬಂದವರು ಕಾಫಿ ಕುಡಿದು ಅವರ ಕಥೆ ಕೇಳಿಕೊಂಡು ಹೋಗಿಬಿಡುತ್ತಾರೆ. ಅದಕ್ಕೇ ನನ್ನ ಕಡೆಯದನ್ನು ಬರೆದಿಡುತ್ತಿದ್ದೇನೆ.

ನಾನು ಹೊಳಲ್ಕೆರೆಯವಳು. ನಮ್ಮಪ್ಪನದು ಜವಳಿ ಅಂಗಡಿ. ಮನೆಯ ನಡುಮನೆಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ, ಒಂದು ದೊಡ್ಡ ಮರದ ರೇಡಿಯೋ ಇತ್ತು. ಕರೆಂಟಿನದು. ಗುಂಡಿ ತಿರುಗಿಸಿದ ಮೇಲೆ ಅದು ಬಿಸಿಯಾಗಿ, ಕೆಮ್ಮಿ, ಗೊರಗುಟ್ಟಿ, ಆಮೇಲೆ ಬಾಯಿ ಬಿಡುತ್ತಿತ್ತು. ಭಾನುವಾರ ಮಧ್ಯಾಹ್ನ ಕೇಳುಗರ ಕೋರಿಕೆಯ ಹಾಡುಗಳು ಬರುತ್ತಿದ್ದವು. ಊಟ ಮುಗಿಸಿ ಅಪ್ಪ ಹೆಗಲ ಮೇಲೆ ಟವಲ್ಲು ಹಾಕಿಕೊಂಡು ಕುರ್ಚಿಯಲ್ಲಿ, ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂರುತ್ತಿದ್ದೆವು. ನಮ್ಮಿಬ್ಬರಿಗೂ ಪ್ರಾಣವಾದ ಒಂದು ಹಾಡಿತ್ತು. ಅದರಲ್ಲಿ ಗಂಡು ದನಿ ಒಂದೊಂದೇ ಪ್ರಶ್ನೆ ಕೇಳುತ್ತದೆ, ಎಳೆಯ ಹೆಣ್ಣು ದನಿ ಉತ್ತರ ಕೊಡುತ್ತದೆ. ಅದು ಬಂತೆಂದರೆ ಪ್ರಶ್ನೆ ಅಪ್ಪನದು, ಉತ್ತರ ನನ್ನದು. ತಾಳಕ್ಕೂ ಅಪ್ಪನಿಗೂ ಆಗಿಬರುತ್ತಿರಲಿಲ್ಲ. ಹಾಡು ಒಂದು ಕಡೆ ಹೋದರೆ ಅಪ್ಪ ಇನ್ನೊಂದು ಕಡೆ ಹೋಗಿ ಕೊನೆಯ ಸಾಲಿನಲ್ಲಿ ಹೇಗೋ ಬಂದು ಸೇರಿಕೊಳ್ಳುತ್ತಿದ್ದರು.

ಹರಿಯಬ್ಬೆಯ ಗಂಡಿನ ಜೊತೆ ನನ್ನ ಮದುವೆ ಗೊತ್ತಾಯಿತು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್, ಸರ್ಕಾರಿ ಕೆಲಸ, ಮನೆಯಲ್ಲಿ ಅತ್ತೆಯೊಬ್ಬರೇ. ಎಲ್ಲರಿಗೂ ಖುಷಿ. ನಾನು ಮಾತ್ರ ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ಏನೇ ಆಯ್ತು ಎಂದು ಅಮ್ಮ ಕೇಳಿದರೆ, "ಅವರ ಮನೇಲಿ ಕರೆಂಟಿಲ್ಲವಂತೆ, ಹಾಡು ಹೆಂಗೆ ಕೇಳೋದು?" ಎಂದೆ. "ಗಂಡು ಹೆಂಗವ್ನೆ ಅಂತ ಕೇಳಲ್ಲ, ಕರೆಂಟು ಐತಾ ಅಂತ ಕೇಳ್ತಾಳೆ, ಇವಳನ್ನ ಏನ್ ಮಾಡ್ಲಿ!" ಎಂದು ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಮಾರನೇ ವಾರ ಅಪ್ಪ ಚಿತ್ರದುರ್ಗಕ್ಕೆ ಅಂಗಡಿಯ ಸರಕಿಗೆಂದು ಹೋದವರು ಒಂದು ಟ್ರಾನ್ಸಿಸ್ಟರ್ ತಂದರು. ಕೈಚೀಲದಷ್ಟು ದೊಡ್ಡದು, ತೂತುತೂತಿನ ಕಂದು ಚರ್ಮದ ಕವಚ, ಹಿಂದೆ ನಾಲ್ಕು ಸೆಲ್ಲು. ನನ್ನ ಮಡಿಲಲ್ಲಿಟ್ಟು, "ತಗಳವ್ವ. ಇನ್ನು ನೀನು ಎಲ್ಲೇ ಇರು, ಭಾನುವಾರ ಇಬ್ರೂ ಒಂದೇ ಹಾಡು ಕೇಳಾಣ" ಎಂದರು. ಗಮನಿಸಿ, ನನ್ನ ಮಡಿಲಲ್ಲಿ.

ಎಡವಟ್ಟಾದದ್ದು ಮದುವೆಮನೆಯಲ್ಲಿ. ನಮ್ಮ ಕಡೆ ಹೆಣ್ಣಿನ ಮನೆಯವರು ಕೊಟ್ಟದ್ದು ಏನೇ ಇರಲಿ, ತಟ್ಟೆಯಲ್ಲಿ ಎಲೆ ಅಡಿಕೆ ಕಾಯಿ ಜೊತೆ ಇಟ್ಟು ಗಂಡಿನ ಕೈಗೇ ಕೊಡಬೇಕು. ಹಿರಿಯರೊಬ್ಬರು ರೇಡಿಯೋವನ್ನೂ ತಟ್ಟೆಯಲ್ಲಿಟ್ಟರು. ಗಂಡು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಿತು. ಇಡೀ ಚಪ್ಪರ ನೋಡಿತು. ಇನ್ನು ನನ್ನ ಮಾತು ಯಾರು ಕೇಳುತ್ತಾರೆ?

ಮೊದಲ ಒಂದು ತಿಂಗಳು ರೇಡಿಯೋ ಮನೆಯಲ್ಲೇ ಇತ್ತು. ನಾನೂ ಅತ್ತೆಯೂ ರಾಗಿ ಹಸನು ಮಾಡುತ್ತ ಕೇಳುತ್ತಿದ್ದೆವು. ಆಮೇಲೆ ಒಂದು ದಿನ ಯಜಮಾನರಿಗೆ ಅದನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಹೋಗುವ ಬುದ್ಧಿ ಬಂತು. ಅವರ ಕೆಲಸ ಸುತ್ತಲಿನ ಕುರಿಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಸೂಜಿ ಹಾಕುವುದು. ಸೂಜಿ ಹಾಕಿಸಿಕೊಂಡ ಕುರಿ ಎರಡು ದಿನ ಮಂಕಾಗಿ ನಿಲ್ಲುತ್ತದೆಂದು ಕುರಿಗಾರರಿಗೆ ಸಿಟ್ಟು. ದೂರದಲ್ಲಿ ಇವರ ಸೈಕಲ್ ಕಂಡರೆ ಸಾಕು, ಮುಳ್ಳುಬೇಲಿಯ ರೊಪ್ಪದಿಂದ ಮಂದೆಯನ್ನು ಆಚೆ ಕಡೆಯಿಂದ ಹೊರಡಿಸಿಬಿಡುತ್ತಿದ್ದರು. ರೇಡಿಯೋ ಹಾಡುತ್ತ ಹೋದ ದಿನ ಯಾರೂ ಓಡಲಿಲ್ಲವಂತೆ. ಹೆಂಗಸರು ಮಕ್ಕಳೆಲ್ಲ ಸೈಕಲ್ ಸುತ್ತ ಕುಂತರಂತೆ. "ಮೊದ್ಲು ಹಾಡು ಹಾಕ್ರಿ ಡಾಕ್ಟ್ರೇ, ಆಮ್ಯಾಕೆ ಸೂಜಿ ಹಾಕೀರಂತೆ" ಎಂದು ಹಟ್ಟಿಯ ಹಿರಿಯಜ್ಜ ತಾನೇ ಕುರಿಗಳನ್ನು ಹಿಡಿದುಕೊಟ್ಟನಂತೆ.

"ಇದು ಬರೀ ರೇಡಿಯೋ ಅಲ್ಲ ಕಣೇ, ಸರ್ಕಾರದ ಕೆಲಸಕ್ಕೆ ಆಗೋ ಸಾಮಾನು" ಎಂದರು ಯಜಮಾನರು. ಅಂದಿನಿಂದ ರೇಡಿಯೋ ಸರ್ಕಾರದ ಪಾಲಾಯಿತು.

ಸುಳ್ಳು ಹೇಳಬಾರದು, ಸೈಕಲ್ ಮೇಲೆ ಹಾಡು ಕೇಳುವ ಸುಖ ಬೇರೆಯೇ. ಆ ವರ್ಷ ಯುಗಾದಿಗೆ ಆದಿವಾಲದ ನೆಂಟರ ಮನೆಗೆ ಹೋಗುವಾಗ ಕ್ಯಾರಿಯರ್ ಮೇಲೆ ಕುಳಿತು ನಾನೂ ಅದನ್ನು ಅನುಭವಿಸಿದೆ. ಗಾಳಿ ಎದುರಿಂದ ಬೀಸಿ ಹಾಡು ಇವರ ಬೆನ್ನು ದಾಟಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಹೊಲದಲ್ಲಿದ್ದವರು ಕುಂಟೆ ನಿಲ್ಲಿಸಿ ನೋಡುತ್ತಿದ್ದರು. ಆದರೆ ಆ ರೇಡಿಯೋಕ್ಕೆ ಒಂದು ಚಾಳಿಯಿತ್ತು. ಅದರ ಮುಖ ಒಂದು ದಿಕ್ಕಿಗಿದ್ದರೆ ಹಾಡು ಗಟ್ಟಿ, ದಾರಿ ತಿರುಗಿ ಮುಖ ಅಡ್ಡವಾಯಿತೋ, ಹಾಡು ಬಾವಿಯೊಳಗೆ ಬಿದ್ದಂತೆ ಕ್ಷೀಣ. ಒಂದು ಸಲ ಚರಣದ ನಡುವೆ ತಿರುವು ಬಂತು. ಯಜಮಾನರು ಹ್ಯಾಂಡಲ್ ತಿರುಗಿಸಲೇ ಇಲ್ಲ. ಹಾಡು ಹೋಗಬಾರದೆಂದು ನೇರ ಶೇಂಗಾ ಹೊಲಕ್ಕೆ ನುಗ್ಗಿಸಿದರು. ಹೊಲದವನು "ಯಾವನಲೇ ಅವ್ನು!" ಎಂದು ಓಡಿಬಂದ. ಹಾಡು ಮುಗಿಯುವವರೆಗೆ ಅವನೂ ಸುಮ್ಮನೆ ನಿಂತು ಕೇಳಿ, ಆಮೇಲೆ ಬಾಯಿಗೆ ಬಂದಂತೆ ಬೈದ.

ಹೀಗೆ ಹೊಲ ಗದ್ದೆ ಅನ್ನದೆ ಓಡಿಸಿದರೆ ರೇಡಿಯೋ ನೆಟ್ಟಗಿರುತ್ತದೆಯೇ? ಎರಡು ಸಲ ದಾರ ಹರಿದು ಕೆಳಗೆ ಬಿತ್ತು. ಎರಡನೇ ಸಲ ಬಿದ್ದಾಗ ಇವರು ಸೈಕಲ್ಲನ್ನು ಹಿರಿಯೂರಿಗೆ ಹೊಡೆದುಕೊಂಡು ಹೋಗಿ, ಚಪ್ಪಲಿ ಹೊಲಿಯುವವನ ಹತ್ತಿರ ಆ ಚರ್ಮದ ಕವಚವನ್ನು ಹ್ಯಾಂಡಲ್ಲಿಗೆ ಸೇರಿಸಿ ಎರಡೆರಡು ಸುತ್ತು ಪಟ್ಟಿ ಹಾಕಿಸಿ ಹೊಲಿಸಿಬಿಟ್ಟರು. ಸೆಲ್ಲು ಬದಲಾಯಿಸಲು ಹಿಂದೊಂದು ಕಿಟಕಿ ಬಿಡಿಸಿದ್ದರು, ಅಷ್ಟೇ. ಮನೆಗೆ ಬಂದು ಎದೆಯುಬ್ಬಿಸಿ, "ಇನ್ನು ಇದನ್ನ ಕಳ್ಳನ ಕೈಲೂ ಬಿಚ್ಚಾಕಾಗಲ್ಲ" ಎಂದರು. ನನ್ನ ಕೈಯಲ್ಲೂ ಆಗುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ಸಾರಿಗೆ ಉಪ್ಪು ಹಾಕಲಿಲ್ಲ. ಮರೆತು ಅಲ್ಲ.

ಭಾನುವಾರವಾದರೂ ಸಿಕ್ಕೀತೆಂದರೆ, ರಜೆ ಎಂಬುದು ಕುರಿಗಳಿಗೆ ಗೊತ್ತಿಲ್ಲ ಎಂದು ಇವರು ಬೆಳಿಗ್ಗೆಯೇ ಹೊರಡುವರು. ಮೂರು ಗಂಟೆಗೆ ತಿರುಗಿ ಬರುವಷ್ಟರಲ್ಲಿ ಕೋರಿಕೆಯ ಹಾಡೂ ಮುಗಿದಿರುತ್ತಿತ್ತು, ಸೆಲ್ಲಿನ ಜೀವವೂ ಮುಗಿದಿರುತ್ತಿತ್ತು. ನಮಗೆ ಉಳಿಯುತ್ತಿದ್ದದ್ದು ಸಂಜೆಯ ವಾರ್ತೆ, ಮೂಗಿನಲ್ಲಿ ಮಾತಾಡಿದ ಹಾಗೆ. ಅಪ್ಪನ ಪ್ರತಿ ಕಾಗದದ ಕೊನೆಯ ಸಾಲು ಒಂದೇ: "ಭಾನುವಾರ ಕೇಳಿದೆಯಾ?" ನಾನು ಪ್ರತಿ ಸಲವೂ "ಕೇಳಿದೆ, ತುಂಬಾ ಚೆನ್ನಾಗಿತ್ತು" ಎಂದು ಬರೆಯುತ್ತಿದ್ದೆ. ನಿಜ ಬರೆದರೆ ಅಪ್ಪ ನೊಂದುಕೊಳ್ಳುತ್ತಾರೆ. ಅಮ್ಮ ಇಡೀ ಬೀದಿಗೆ ಸಾರುತ್ತಾಳೆ. ಆದರೆ ಆ ಸುಳ್ಳು ಬರೆಯುವಾಗಲೆಲ್ಲ ನನಗೆ ಅಪ್ಪನ ಕುರ್ಚಿ, ಅದರ ಪಕ್ಕದ ಖಾಲಿ ನೆಲ ಕಣ್ಣಿಗೆ ಕಟ್ಟುತ್ತಿತ್ತು.

ನನ್ನ ಪಾಲಿಗೆ ಉಳಿದದ್ದು ಗುರುವಾರ. ಗುರುವಾರ ಯಜಮಾನರು ಔಷಧಿ, ಐಸು ತರಲು ಬಸ್ಸಿನಲ್ಲಿ ಹಿರಿಯೂರಿಗೆ ಹೋಗುತ್ತಿದ್ದರು. ಸೈಕಲ್ ಮನೆಯಲ್ಲಿ, ಅದಕ್ಕಂಟಿದ ರೇಡಿಯೋವೂ ಮನೆಯಲ್ಲಿ. ಕಲ್ಲಿನ ಗೋಡೆಯೊಳಗೆ ಸರಿಯಾಗಿ ಎಳೆಯುವುದಿಲ್ಲವೆಂದು ನಾನೂ ಅತ್ತೆಯೂ ಸೈಕಲ್ಲನ್ನು ತಳ್ಳಿಕೊಂಡು ಮನೆ ಹಿಂದಿನ ಕೆರೆಯಂಗಳಕ್ಕೆ ಹೋಗುತ್ತಿದ್ದೆವು. ಕೆರೆಯಲ್ಲಿ ಹನಿ ನೀರಿರಲಿಲ್ಲ, ಮೈಲಿಯುದ್ದ ಸಪಾಟು ಮಣ್ಣು. ಹಾಡು ಗಟ್ಟಿಯಾಗಿ ಬರಲಿ ಎಂದು ಸೈಕಲ್ಲನ್ನು ಅತ್ತಿತ್ತ ತಿರುಗಿಸುತ್ತ ನಿಲ್ಲುತ್ತಿದ್ದೆವು. ಒಂದು ದಿನ ಅತ್ತೆ ಎಲೆಯಡಿಕೆ ಉಗುಳಿ, "ಹಾಡು ಸೈಕಲ್ ಮ್ಯಾಲೈತೆ, ನಾವು ಕತ್ತೆಗಳಂಗೆ ತಳ್ಕಂಡು ತಿರುಗ್ತೀವಿ. ನೀನೂ ಮ್ಯಾಲೆ ಹತ್ತೇ" ಎಂದರು.

"ಅಯ್ಯೋ ಅತ್ತೆ, ಸೀರೆ!"

"ನಾನು ಕಳೆ ತೆಗಿಯಾಕೆ ಹೋಗುವಾಗ ಉಟ್ಕಳಲ್ವಾ, ಹಂಗೆ ಕಚ್ಚೆ ಹಾಕ್ಕ. ಇಲ್ಲಿ ಯಾರ್ ನೋಡ್ತಾರೆ, ಕೊಕ್ಕರೆನಾ?"

ಅರವತ್ತು ದಾಟಿದ ಹೆಂಗಸು. ಒಂದು ದಿನವೂ ಸೈಕಲ್ ಮುಟ್ಟಿದವರಲ್ಲ. ನನ್ನನ್ನು ಕಲ್ಲಿನ ಮೇಲೆ ನಿಲ್ಲಿಸಿ ಸೀಟಿಗೆ ಹತ್ತಿಸಿ, ಹಿಂದೆ ಕ್ಯಾರಿಯರ್ ಹಿಡಿದು "ತುಳಿ, ತುಳಿಯೇ, ನಿಂದೇನು ಕಾಲಾ, ಕಡ್ಡಿನಾ?" ಎನ್ನುತ್ತ ಓಡುತ್ತಿದ್ದರು. ಬಿದ್ದೆ, ಎದ್ದೆ, ಮೊಣಕೈ ತರಚಿತು. ಐದನೇ ಗುರುವಾರದ ಹೊತ್ತಿಗೆ ಅತ್ತೆ ಕೈ ಬಿಟ್ಟರೂ ನಾನು ಓಡಿಸಬಲ್ಲವಳಾದೆ. ಇಳಿಯುವುದೊಂದು ಬರಲಿಲ್ಲ. ನಿಲ್ಲಬೇಕಾದಾಗ "ಅತ್ತೇ!" ಎಂದು ಕಿರುಚುತ್ತಿದ್ದೆ, ಅವರು ಓಡಿಬಂದು ಕ್ಯಾರಿಯರ್ ಹಿಡಿದು ನಿಲ್ಲಿಸುತ್ತಿದ್ದರು. ನನ್ನ ಬ್ರೇಕು ಅವರೇ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮಗನಿಗೆ ಮಾತ್ರ ಒಂದು ಅಕ್ಷರ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. "ಗೊತ್ತಾದ್ರೆ ಗುರುವಾರಾನೂ ಬೀಗ ಹಾಕ್ಕಂಡು ಹೋಗ್ತಾನೆ, ನನ್ ಮಗ ನನಗ್ ಗೊತ್ತಿಲ್ವಾ?"

ಆ ಉಮೇದಿನಲ್ಲೇ ನಾನು ರೇಡಿಯೋ ಸ್ಟೇಷನ್ನಿಗೆ ಒಂದು ಕಾರ್ಡು ಬರೆದೆ. ನಮ್ಮ ಆ ಪ್ರಶ್ನೋತ್ತರದ ಹಾಡು ಬೇಕು, ಹರಿಯಬ್ಬೆಯಿಂದ ನಾನು, ಹೊಳಲ್ಕೆರೆಯಿಂದ ನಮ್ಮ ತಂದೆ, ಇಬ್ಬರ ಹೆಸರೂ ಓದಬೇಕು ಎಂದು. ಅಪ್ಪನಿಗೂ ಬರೆದೆ: "ಯಾವ ಭಾನುವಾರವೋ ಗೊತ್ತಿಲ್ಲ, ಯಾವುದನ್ನೂ ತಪ್ಪಿಸಬೇಡಿ. ನಾನೂ ತಪ್ಪಿಸುವುದಿಲ್ಲ." ಕಾಗದ ಡಬ್ಬಕ್ಕೆ ಹಾಕಿದ ಮೇಲೆ ನನಗೆ ಹೊಳೆಯಿತು. ಇಷ್ಟು ದಿನ ಹೇಳಿದ್ದು ಸುಳ್ಳು, ಹೋಗಲಿ. ಈ ಒಂದು ಹಾಡನ್ನು ಮಾತ್ರ ಅಪ್ಪ ಕೇಳುವ ಹೊತ್ತಿಗೇ ನಾನೂ ನಿಜವಾಗಿ ಕೇಳಲೇಬೇಕು.

ಯಜಮಾನರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ಬೆಂಗಳೂರಾಗಿರೋರು ನಿನ್ನ ಹೆಸರು ಓದ್ತಾರಾ? ಅವರಿಗೆ ಹರಿಯಬ್ಬೆ ಯಾವ ದಿಕ್ಕಿಗೈತೆ ಅಂತ ಗೊತ್ತಾ?"

"ಓದ್ತಾರೋ ಬಿಡ್ತಾರೋ. ಇನ್ಮೇಲೆ ಭಾನುವಾರ ರೇಡಿಯೋ ಎಲ್ಲಿಗೋ ನಾನೂ ಅಲ್ಲಿಗೆ" ಎಂದೆ. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಹೀಗೆ ನಾನು ಭಾನುವಾರ ಭಾನುವಾರ ಕ್ಯಾರಿಯರ್ ಹತ್ತಿ ಕುರಿಹಟ್ಟಿಗೆ ಹೊರಟೆ. ಊರಿನವರಿಗೆ ಹಬ್ಬ. "ಏನ್ರಿ ಕಾಂಪೌಂಡ್ರೇ, ಹೆಂಡ್ತಿಗೂ ಸರ್ಕಾರ ಸಂಬಳ ಕೊಡ್ತೈತಾ?" ಎಂದು ಕೇಳುವರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೆಲ್ಲುಗಳನ್ನು ವಾರವಿಡೀ ಮನೆಯ ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಶನಿವಾರ ಸಂಜೆ ಹಾಕುತ್ತಿದ್ದೆ. ಬಿಸಿಲಿಗಿಟ್ಟರೆ ಅವಕ್ಕೆ ಅಷ್ಟಿಷ್ಟು ಕಸುವು ಬರುತ್ತಿತ್ತು. ವಾರದ ಉಳಿದ ದಿನ ಹಾಡಿಲ್ಲದೆ ಹೋಗಬೇಕಾದ್ದಕ್ಕೆ ಯಜಮಾನರು ಗೊಣಗಿದರು. ಗೊಣಗಲಿ ಎಂದುಕೊಂಡೆ. ಮೂರು ಭಾನುವಾರ ಹೋಯಿತು. ಯಾವ್ಯಾವ ಊರಿನ ಯಾರ್ಯಾರ ಹೆಸರೋ ಬಂತು, ನಮ್ಮದು ಬರಲಿಲ್ಲ. ನಾಲ್ಕನೇ ಭಾನುವಾರಕ್ಕೆ ನನಗೇ ಅನುಮಾನ ಶುರುವಾಯಿತು.

ಆ ಭಾನುವಾರ ಹಿರಿಯಜ್ಜನ ಹಟ್ಟಿಯಲ್ಲಿ ಕೆಲಸ. ಸುತ್ತಮುತ್ತ ಕುರಿಗಳಿಗೆ ಬೇನೆ ಕಾಣಿಸಿಕೊಂಡಿತ್ತು. ಅಜ್ಜ ಅವತ್ತು ಮಂದೆಯನ್ನು ಮೇಯಲು ಬಿಡದೆ ರೊಪ್ಪದಲ್ಲೇ ಕೂಡಿಹಾಕಿದ್ದ. ಯಜಮಾನರು ಔಷಧಿ ಕಲಸಿ ಶುರು ಮಾಡಿದರು. ಒಂದು ದಪ್ಪ ಟಗರು ಒದೆದು ಕೊಸರಿಕೊಂಡ ರಭಸಕ್ಕೆ ಸೂಜಿ ಟಪ್ಪೆಂದು ಮುರಿಯಿತು. ಇನ್ನೊಂದಿತ್ತು, ಅದು ಮೊಂಡು. ಬೇರೆ ಸೂಜಿಗಳ ಡಬ್ಬಿ ಮನೆಯ ಗೂಡಿನಲ್ಲೇ ಉಳಿದಿತ್ತು. ಕಲಸಿದ ಔಷಧಿಯನ್ನು ಎರಡು ತಾಸಿನೊಳಗೆ ಹಾಕಿ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಇವರು ಆ ಮೊಂಡು ಸೂಜಿಯಲ್ಲೇ ಒಂದೊಂದಾಗಿ ಹಾಕುತ್ತಿರಬೇಕು, ಕೆಲಸ ಬಿಟ್ಟು ಹೋಗುವ ಹಾಗಿಲ್ಲ. ಹಟ್ಟಿಯಲ್ಲಿ ಯಾರಿಗೂ ಸೈಕಲ್ ಬಾರದು, ನಡೆದು ಹೋಗಿ ಬರುವಷ್ಟು ಹೊತ್ತಿಲ್ಲ.

"ನಾನು ತರ್ತೀನಿ" ಎಂದೆ.

"ಹೆಂಗ್ ತರ್ತೀಯ, ಹಾರ್ಕಂಡು ಹೋಗ್ತೀಯ?"

ನಾನು ಒಂದು ಗುಡಿಸಲ ಮರೆಗೆ ಹೋಗಿ ಸೀರೆ ಕಚ್ಚೆ ಹಾಕಿಕೊಂಡು ಬಂದೆ. ಸೈಕಲ್ಲನ್ನು ಬೇಲಿಯ ಪಕ್ಕದ ಬಂಡೆಗೆ ತಂದು ನಿಲ್ಲಿಸಿ, ಬಂಡೆ ಹತ್ತಿ, ಸೀಟೇರಿದೆ. ಹೊತ್ತು ಸರಿಯಾಗಿ ಕೋರಿಕೆಯ ಹೊತ್ತು. ರೇಡಿಯೋದ ಗುಂಡಿ ತಿರುಗಿಸಿ ತುಳಿದೇಬಿಟ್ಟೆ. ಹಿಂದಿನಿಂದ "ಏಯ್! ಏಯ್! ಲೇ!" ಎಂಬ ಯಜಮಾನರ ದನಿ ಕೇಳಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಬೀಳುತ್ತಿದ್ದೆ. ಒಂದು ಕೈಯಲ್ಲಿ ಸಿರಿಂಜು, ಇನ್ನೊಂದು ಕೈಯಲ್ಲಿ ಕುರಿಯ ಕಿವಿ ಹಿಡಿದುಕೊಂಡು ಡಾಕ್ಟ್ರು ಬಾಯಿ ತೆರೆದದ್ದು ಮುಚ್ಚಲೇ ಇಲ್ಲವೆಂದು ಅಜ್ಜ ಆಮೇಲೆ ಹೇಳಿದ.

ಅತ್ತೆಯಿಲ್ಲದೆ ನಾನು ಓಡಿಸಿದ್ದು ಅದೇ ಮೊದಲು. ಮೊದಲ ಹಾಡು ಮುಗಿಯಿತು. ದಾರಿ ನೆಟ್ಟಗಿತ್ತು, ಗಾಳಿ ಹಿತವಾಗಿತ್ತು, ನನಗೆ ಭಯಕ್ಕಿಂತ ಖುಷಿಯೇ ಹೆಚ್ಚು. ಹುಣಸೇಮರದ ಹತ್ತಿರ ಊರ ಕಡೆ ತಿರುಗಬೇಕು. ಮರ ಇನ್ನು ನಾಲ್ಕು ಮಾರು ಇದೆ ಎನ್ನುವಾಗ ರೇಡಿಯೋದಲ್ಲಿ ಹೆಂಗಸಿನ ದನಿ ಮುಂದಿನ ಕೋರಿಕೆಯ ಹೆಸರು ಓದತೊಡಗಿತು. "ಹರಿಯಬ್ಬೆಯಿಂದ" ಎಂದಿತು. ನನ್ನ ಹೆಸರು ಹೇಳಿತು. ಅಷ್ಟರಲ್ಲಿ ಹ್ಯಾಂಡಲ್ ಊರ ಕಡೆ ತಿರುಗಿತು, ದನಿ ಇಂಗಿಹೋಯಿತು. ಅಯ್ಯೋ ಶಿವನೇ, ಅಪ್ಪನ ಹೆಸರು!

ಯೋಚನೆ ಮಾಡಿ ಮಾಡಿದ್ದಲ್ಲ. ಹ್ಯಾಂಡಲ್ಲನ್ನು ಮತ್ತೆ ಮೊದಲಿನ ದಿಕ್ಕಿಗೆ ಎಳೆದೆ. ದಾರಿ ಬಿಟ್ಟು ಏರಿ ಇಳಿದು ಸೈಕಲ್ ಕೆರೆಯಂಗಳಕ್ಕೆ ನುಗ್ಗಿತು. ದನಿ ತಿರುಗಿ ಬಂತು. "ಹೊಳಲ್ಕೆರೆಯಿಂದ ಅವರ ತಂದೆ" ಎಂದು ಅಪ್ಪನ ಹೆಸರನ್ನು ಪೂರ್ತಿ ಹೇಳಿತು, ಇನಿಷಿಯಲ್ ಸಮೇತ. ಹಾಡು ಶುರುವಾಯಿತು.

ಊರು ಬಲಕ್ಕಿದೆ, ಸೂಜಿ ಊರಲ್ಲಿದೆ, ನಾನು ನೆಟ್ಟಗೆ ಊರು ಬಿಟ್ಟು ಹೋಗುತ್ತಿದ್ದೇನೆ. ನಿಂತು ಕೇಳೋಣವೆಂದರೆ ಇಳಿಯಲು ಬಾರದು. ಸುತ್ತು ಹಾಕೋಣವೆಂದರೆ ಸುತ್ತಿಗೆರಡು ಸಲ ಹಾಡು ಹೋಗುತ್ತದೆ. ನೆಟ್ಟಗೆ ತುಳಿಯುವುದೊಂದೇ ದಾರಿ. ತುಳಿದೆ. ಗಂಡು ದನಿ ಮೊದಲ ಪ್ರಶ್ನೆ ಕೇಳಿತು. ಹೊಳಲ್ಕೆರೆಯ ಕುರ್ಚಿಯಲ್ಲಿ ಕುಳಿತು ಅಪ್ಪ ಈಗ ಅದನ್ನೇ ತಪ್ಪು ತಾಳದಲ್ಲಿ ಹೇಳುತ್ತಿದ್ದಾರೆ ಎನ್ನಿಸಿ ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಉತ್ತರವನ್ನು ನಾನು ಗಂಟಲು ಹರಿಯುವ ಹಾಗೆ ಹಾಡಿದೆ. ಕೆರೆಯಂಗಳದಲ್ಲಿ ಎರಡು ಎಮ್ಮೆ ಬಿಟ್ಟರೆ ಕೇಳುವವರಿರಲಿಲ್ಲ. ಹಾಡಿದೆ, ತುಳಿದೆ, ಹಾಡಿದೆ. ಕೊನೆಯ ಸಾಲು ಮುಗಿಯುವುದಕ್ಕೂ ಮುಂದಿನ ಚಕ್ರ ಮೆತ್ತನೆ ಹೂಳಿಗೆ ಸಿಕ್ಕುವುದಕ್ಕೂ ಸರಿಹೋಯಿತು. ನಾನು ಒಂದು ಕಡೆ, ಸೈಕಲ್ ಒಂದು ಕಡೆ. ರೇಡಿಯೋ ಮಾತ್ರ ಹ್ಯಾಂಡಲ್ಲಿಗೆ ಅಂಟಿಕೊಂಡೇ ಮುಂದಿನವರ ಹೆಸರು ಓದುತ್ತಿತ್ತು. ಆ ಹೊಲಿಗೆಯವನ ಕೈಗೆ ಅವತ್ತು ಮನಸ್ಸಿನಲ್ಲೇ ಕೈಮುಗಿದೆ.

ಸೈಕಲ್ ತಳ್ಳಿಕೊಂಡು ಓಡಿ ಮನೆ ಸೇರಿದೆ. ಮೈಯೆಲ್ಲ ಮಣ್ಣು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಏಟಾಯಿತಾ ಎಂದು ಕೇಳಲಿಲ್ಲ, "ಬಂತಾ?" ಎಂದರು.

"ಬಂತು ಅತ್ತೆ. ಇಬ್ರದೂ ಹೆಸರು ಬಂತು."

"ಹಂಗಾರೆ ಬಿಡು" ಎಂದು ನನ್ನ ತಲೆಯಿಂದ ಒಂದು ಮುಳ್ಳು ತೆಗೆದು ಹಾಕಿದರು. ಸೂಜಿ ಡಬ್ಬಿಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ, ಜಗಲಿಯಿಂದ ಹತ್ತಿಸಿ, ಊರ ಜನರೆಲ್ಲ ನೋಡುವ ಹಾಗೆ ಹಿಂದಿನಿಂದ ನೂಕಿದರು. ಗುಟ್ಟು ಅಲ್ಲಿಗೆ ಮುಗಿಯಿತು.

ಹಟ್ಟಿಯಲ್ಲಿ ಇಳಿಸಿಕೊಳ್ಳಲು ಮೂರು ಜನ ಬೇಕಾಯಿತು. ಔಷಧಿಯ ಹೊತ್ತು ಇನ್ನೂ ಮೀರಿರಲಿಲ್ಲ. ಯಜಮಾನರು ಸೂಜಿ ಬದಲಾಯಿಸುತ್ತ, "ಇಷ್ಟೊತ್ತಾ? ದಾರೀಲಿ ಏನ್ ಮಾಡ್ತಿದ್ದೆ?" ಎಂದು ಗದರಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಇನ್ನೇನೋ ಅನ್ನುವುದರಲ್ಲಿದ್ದರು, ಹಿರಿಯಜ್ಜ ತಡೆದ. "ಬೈಬ್ಯಾಡ್ರಿ ಡಾಕ್ಟ್ರೇ. ಕುರಿ ಇಲ್ಲೇ ಕಾದ್ಕಂಡು ನಿಂತಾವೆ. ಆ ತಾಯಿ ಹೆಸರು ಹೇಳಿದ್ದು ಕಾಯ್ತೈತಾ?" ಯಜಮಾನರು ಮುಂದಿನ ಕುರಿಯನ್ನು ಎಳೆದುಕೊಂಡರು. ಸಂಜೆ ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಅವರು ಮುಂದೆ ನೋಡಿಕೊಂಡೇ, "ಇನಿಷಿಯಲ್ ಸಮೇತ ಓದಿದ್ರಾ?" ಎಂದರು. "ಹೂಂ" ಎಂದೆ.

ಮನೆಗೆ ಬಂದವರೇ ಚೀಲದಿಂದ ಆಸ್ಪತ್ರೆಯ ಚಾಕು ತೆಗೆದರು. ಕುರಿಯ ಗಾಯ ಬಿಡಿಸುವಷ್ಟೇ ನಾಜೂಕಾಗಿ ಒಂದೊಂದೇ ಹೊಲಿಗೆ ಕತ್ತರಿಸಿ, ರೇಡಿಯೋವನ್ನು ಬಿಡಿಸಿ ಜಗಲಿಯ ಮೇಲಿಟ್ಟರು. "ಭಾನುವಾರ ಮನೇಲಿರ್ಲಿ" ಎಂದರು. ಅತ್ತೆ ಒಳಗಿನಿಂದ "ಗುರುವಾರಾನೂ" ಎಂದರು.

ವಾರದೊಳಗೆ ಅಪ್ಪನ ಕಾಗದ ಬಂತು. "ಕೇಳಿದೆ ಮಗಳೇ. ನಿನ್ನ ಹೆಸರು, ನನ್ನ ಹೆಸರು ಎಲ್ಲ ಸ್ಪಷ್ಟವಾಗಿ ಬಂತು. ಹಾಡು ತುಂಬಾ ಚೆನ್ನಾಗಿತ್ತು." ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಗೌರಿಹಬ್ಬಕ್ಕೆ ತವರಿಗೆ ಹೋದೆವು. ಬಸ್ಸಿನಲ್ಲಿ ಹೊಳಲ್ಕೆರೆಯವರೆಗೂ ರೇಡಿಯೋ ನನ್ನ ಮಡಿಲಲ್ಲೇ ಇತ್ತು. ಸಂಜೆ ಅಮ್ಮನ ಜೊತೆ ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತ, ಕೆರೆಯಂಗಳದ ಕಥೆಯನ್ನೆಲ್ಲ ಹೇಳಿ, "ಅಪ್ಪ ಅವತ್ತು ಕುಣಿದಾಡಿಬಿಟ್ರಾ?" ಎಂದು ಕೇಳಿದೆ. ಅಮ್ಮ ಗುಂಡುಕಲ್ಲು ನಿಲ್ಲಿಸಿದಳು.

"ಹೇಳಬ್ಯಾಡ ಅಂತ ಆಣೆ ಹಾಕಿಸ್ಕಂಡವ್ರೆ" ಎಂದಳು. ಆದರೆ ಅಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? "ಅವತ್ತು ಬೆಳಗ್ಗಿಂದ ಕರೆಂಟೇ ಇರ್ಲಿಲ್ಲ ಕಣೇ. ಹೋಟ್ಲಾಗಿರೋ ಟ್ರಾನ್ಸಿಸ್ಟರ್ ಹತ್ರನಾದ್ರೂ ಹೋಗ್ರಿ ಅಂದೆ. ನಾನು ಆ ಕಡೆ ಹೋದಾಗ ಈ ಕಡೆ ಕರೆಂಟು ಬಂದ್ರೆ ಅಂತ ಕುರ್ಚಿ ಬಿಟ್ಟೇ ಏಳ್ಲಿಲ್ಲ. ಟವಲ್ಲು ಹೆಗಲ ಮ್ಯಾಲೆ ಹಾಕ್ಕಂಡು, ಸತ್ತ ರೇಡಿಯೋ ಮುಂದೆ ಮೂರು ಗಂಟೆವರೆಗೂ ಕುಂತಿದ್ರು. ಸಂಜೆ ಹೋಟ್ಲಿನೋರು ಬಂದು, ನಿಮ್ಮ ಮಗಳದೂ ನಿಮ್ಮದೂ ಹೆಸರು ಬಂತಲ್ರಿ ಅಂದ್ರು. ರಾತ್ರಿ ಊಟ ಮಾಡ್ಲಿಲ್ಲ. ಬೆಳಗ್ಗೆ ಎದ್ದು ನಿನಗೆ ಕಾಗದ ಬರೆದ್ರು."

ನನಗೆ ಕೈಯಲ್ಲಿದ್ದ ಬಟ್ಟಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನನ್ನ ಮೇಲೆ ನನಗೆ ಕೋಪ, ಅಪ್ಪನ ಮೇಲೆ ಕೋಪ, ಕರೆಂಟಿನ ಮೇಲೆ ಕೋಪ. ವರ್ಷವಿಡೀ ನಾನು ಅವರಿಗೆ ಬರೆದ ಸುಳ್ಳನ್ನೇ ಅವರು ನನಗೆ ತಿರುಗಿ ಬರೆದಿದ್ದರು.

ನಡುಮನೆಗೆ ಬಂದೆ. ಅಪ್ಪ ಕುರ್ಚಿಯಲ್ಲಿದ್ದರು. ಯಜಮಾನರು ಬಾಗಿಲ ಹತ್ತಿರ ಕುಳಿತು, ಟ್ರಾನ್ಸಿಸ್ಟರನ್ನು ಹೆಮ್ಮೆಯಿಂದ ಹಾಡಿಸುತ್ತಿದ್ದರು. ನಾನು ಹೋಗಿ ಅದರ ಗುಂಡಿ ತಿರುಗಿಸಿ ಆರಿಸಿದೆ. "ಏನೇ ಇದು?" ಎಂದರು. ಅಪ್ಪನ ಕಾಲ ಹತ್ತಿರ, ನನ್ನ ಹಳೆಯ ಜಾಗದಲ್ಲಿ ಕೂತೆ.

"ಅಪ್ಪ, ಕೇಳ್ರಿ ಮತ್ತೆ" ಎಂದೆ.

"ಏನು ಕೇಳ್ಲಿ?"

"ಪ್ರಶ್ನೆ."

ಅಪ್ಪ ನನ್ನ ಮುಖ ನೋಡಿದರು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡು ಮೊದಲ ಪ್ರಶ್ನೆ ಹಾಡಿದರು. ನಾನು ಉತ್ತರ ಹಾಡಿದೆ. ಎರಡನೆಯದು, ಮೂರನೆಯದು. ಎಂದಿನಂತೆ ಅಪ್ಪ ತಾಳ ಬಿಟ್ಟು ಎಲ್ಲೆಲ್ಲೋ ಹೋದರು, ನಾನು ಕಾದೆ, ಕೊನೆಯ ಸಾಲಿಗೆ ಇಬ್ಬರೂ ಒಟ್ಟಿಗೆ ಬಂದು ಸೇರಿದೆವು. ಯಜಮಾನರು ಟ್ರಾನ್ಸಿಸ್ಟರ್ ಮೇಲೆ ಕೈಯಿಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಅಪ್ಪ ಕುರ್ಚಿಯಿಂದ ಬಗ್ಗಿ ನನ್ನ ತಲೆ ಸವರಿದರು. "ಅವತ್ತು ರೇಡಿಯೋದಾಗೆ ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ ಕಣವ್ವ" ಎಂದರು.

"ಇಲ್ಲಪ್ಪ, ಬಂದಿರ್ಲಿಲ್ಲ" ಎಂದೆ.

ಅಪ್ಪ ಟವಲ್ಲಿನಿಂದ ಮುಖ ಒರೆಸಿಕೊಂಡು, ಮೊದಲ ಸಾಲನ್ನು ಮತ್ತೆ ತಪ್ಪು ತಾಳದಲ್ಲೇ ಎತ್ತಿಕೊಂಡರು.